ನಿನ್ನ ಅರ್ಜಿಯನ್ನು ನಾನು ತುಂಬುವುದಿಲ್ಲ

ಮಧುಗಿರಿ
ಭಾನುವಾರ ರಾತ್ರಿ

ಮಗಳೇ,

ಆಶೀರ್ವಾದಗಳು. ಎದುರು ಮನೆಯ ಮೇಷ್ಟ್ರು ನಾಳೆ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೊರಟಿದ್ದಾರೆ. ಈ ಕವರನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಕೇಳಿದ ಕಾಗದಗಳೆಲ್ಲ ಇದರಲ್ಲಿವೆ. ಇಲ್ಲದಿರುವುದು ಒಂದೇ. "ಎಂ.ಎಸ್ಸಿ. ಅರ್ಜಿಯನ್ನು ನೀನೇ ತುಂಬಿಬಿಡಪ್ಪ, ನಿನಗೆ ಹತ್ತು ನಿಮಿಷದ ಕೆಲಸ" ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದು. ಹತ್ತು ನಿಮಿಷದ ಕೆಲಸವೇ ಹೌದು. ಆದರೆ ನಾನು ತುಂಬುವುದಿಲ್ಲ.

ಕೋಪ ಮಾಡಿಕೊಳ್ಳಬೇಡ ತಾಯಿ, ಕಾರಣ ಕೇಳು. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಂದಿನಿಂದ ಸುತ್ತಲಿನ ಹಳ್ಳಿಗಳ ಮಕ್ಕಳ ಅರ್ಜಿ ತುಂಬುತ್ತಲೇ ಬಂದಿದ್ದೇನೆ. ನಾಲ್ಕು ವರ್ಷದ ಹಿಂದೆ ಒಬ್ಬಳು ಹುಡುಗಿ ಬಂದಳು. ಒಳ್ಳೆಯ ಅಂಕ ತೆಗೆದಿದ್ದಳು. ಅವಳ ಹತ್ತಿರ ಮೊಬೈಲ್ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಫೋನು ಅಣ್ಣನ ಜೊತೆ ಬೆಂಗಳೂರಿಗೆ ಹೋಗಿತ್ತು. "ಇರಲಿ ಬಿಡಮ್ಮ, ನನ್ನ ನಂಬರನ್ನೇ ಹಾಕುತ್ತೇನೆ, ಸಂದೇಶ ಬಂದರೆ ಹೇಳಿ ಕಳಿಸುತ್ತೇನೆ" ಎಂದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಎಣಿಕೆ. ಸೀಟು ಹಂಚಿಕೆಯ ಸಂದೇಶ ಬಂದ ದಿನ ನಾವೆಲ್ಲ ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನಕ್ಕೆ ಹೋಗಿದ್ದೆವು. ನೀನೂ ಇದ್ದೆ. ಫೋನನ್ನು ಅಂಗಡಿಯಲ್ಲೇ ಚಾರ್ಜಿಗೆ ಹಾಕಿ ಮರೆತು ಬಂದಿದ್ದೆ. ಮರುದಿನ ಕರೆಂಟ್ ಬಿಲ್ಲು, ಪಹಣಿ ಎಂದು ಬಂದವರ ಗದ್ದಲದಲ್ಲಿ ಆ ಸಂದೇಶ ಕೆಳಗೆ ಸರಿದುಹೋಯಿತು. ನಾನು ನೋಡುವ ಹೊತ್ತಿಗೆ ಶುಲ್ಕ ಕಟ್ಟುವ ದಿನ ದಾಟಿತ್ತು.

ಆ ಹುಡುಗಿ ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಮೊನ್ನೆ ಕೂಡ ಬಂದಿದ್ದಳು, ಮಗುವಿನ ಆಧಾರ್ ಪ್ರತಿ ತೆಗೆಸುವುದಕ್ಕೆ. ದುಡ್ಡು ಬೇಡ ಎಂದರೆ ಒಪ್ಪುವುದಿಲ್ಲ. ಚಿಲ್ಲರೆ ಎಣಿಸಿ ಗಾಜಿನ ಮೇಲಿಟ್ಟು ಹೋಗುತ್ತಾಳೆ.

ಆದ್ದರಿಂದ ನೀನೇ ತುಂಬು. ವಿಶ್ವವಿದ್ಯಾಲಯಗಳ ಅರ್ಜಿ ತುಂಬುವ ಯುಯುಸಿಎಂಎಸ್ ಜಾಲತಾಣದಲ್ಲಿ ಪದವಿಗೆ ಸೇರಿದಾಗಲೇ ನಿನ್ನ ಖಾತೆಯಾಗಿದೆ. ಅದರಲ್ಲಿ ಈಗಲೂ ನನ್ನ ನಂಬರಿದ್ದರೆ ಮೊದಲು ಅದನ್ನು ಬದಲಾಯಿಸಿಕೊ. ಒಟಿಪಿ ನಿನ್ನ ಕೈಗೇ ಬರಬೇಕು. ಗುಪ್ತಪದವನ್ನು ಹಾಸ್ಟೆಲ್ಲಿನ ಗೆಳತಿಯರಿಗೂ ಹೇಳಬೇಡ, ನನಗೂ ಹೇಳಬೇಡ.

ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಿನ್ನ ಇನಿಷಿಯಲ್ ಹೆಸರಿನ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆ. ಊರಿನ ಹೆಸರಿನದೂ ಇದೇ ಪಾಡು: 2014ರಲ್ಲಿ ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು, ವಿಶ್ವವಿದ್ಯಾನಿಲಯ ಹಳೆಯದನ್ನೇ ಉಳಿಸಿಕೊಂಡಿದೆ. ಹಳೆಯ ಕಾಗದದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಕಂಡರೆ ಗಾಬರಿಯಾಗಬೇಡ. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ ಒತ್ತು. ಆದಾಯದ್ದು ಐದು ವರ್ಷಕ್ಕಷ್ಟೇ ಊರ್ಜಿತ, ನಿನ್ನದು ಮುಗಿಯುತ್ತಿತ್ತು, ಹೊಸದು ಮಾಡಿಸಿದ್ದೇನೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಹೆಡ್ ಮೇಷ್ಟ್ರ ಸಹಿಯೂ ಬಿಇಒ ಮೇಲುರುಜುವೂ ಬಿದ್ದಿವೆ. ನಮ್ಮೂರ ಶಾಲೆಯಲ್ಲಿ ಓದಿದೆ ಎಂದು ನೀನು ನಾಚುತ್ತಿದ್ದ ಕಾಲವೂ ಒಂದಿತ್ತು. ಈಗ ಆ ಹತ್ತು ವರ್ಷಕ್ಕೇ ಸೀಲು ಹಾಕಿಸಿ ಕಳಿಸುತ್ತಿದ್ದೇನೆ.

ತುಮಕೂರು ಒಂದನ್ನೇ ನಂಬಿ ಕೂರಬೇಡ. ಕೋಲಾರದ ಟಮಕದಲ್ಲಿ 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂತೂ ಇದ್ದೇ ಇದೆ. ಹಾಗೆ ಬೇರೆ ಕಡೆ ಸೇರುವುದಾದರೆ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ, ಅದು ಆಮೇಲಿನ ಮಾತು. ನಾನು 1997ರಲ್ಲಿ ಬಿ.ಎ. ಮುಗಿಸಿದಾಗ ತುಮಕೂರಿಗೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಅದು ಬಂದದ್ದು 2004ರಲ್ಲಿ. ಅರ್ಜಿ ನಮೂನೆ ತರುವುದಕ್ಕೇ ಬೆಂಗಳೂರಿಗೆ ಹೋಗಿದ್ದೆ. ತಂದ ನಮೂನೆಯನ್ನು ನಿನ್ನ ತಾತ ತಿರುವಿ ನೋಡಿ, "ಹಾಸ್ಟೆಲ್ ಖರ್ಚಿಗೆ ಯಾವ ಹೊಲ ಮಾರಲಿ?" ಎಂದು ಕೇಳಿದರು. ಅಲ್ಲಿಗೆ ಮುಗಿಯಿತು. ನಿನಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿಬರಲು ಟಿಕೆಟ್ ದುಡ್ಡೂ ಬೇಡ, ಆಧಾರ್ ತೋರಿಸಿದರಾಯಿತು.

ತುಂಬಿದ ಮೇಲೆ ಸಲ್ಲಿಸುವ ಮುನ್ನ ಒಂದು ರಾತ್ರಿ ಹಾಗೇ ಬಿಡು. ಬೆಳಿಗ್ಗೆ ಎದ್ದು ಓದಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೊನೆಯ ದಿನದವರೆಗೆ ಮಾತ್ರ ಕಾಯಬೇಡ, ಅವತ್ತು ಸರ್ವರ್ ಯಾರ ಮಾತನ್ನೂ ಕೇಳುವುದಿಲ್ಲ. ಏನಾದರೂ ತೋಚದಿದ್ದರೆ ಫೋನ್ ಮಾಡು, ಬಾಯಲ್ಲಿ ಹೇಳಿಕೊಡುತ್ತೇನೆ.

ಶನಿವಾರ ಬರುವಾಗ ಕವರನ್ನು ಮರೆಯದೆ ತಾ. ಆತುರದಲ್ಲಿ ರೇಷನ್ ಕಾರ್ಡೂ ಅದರೊಳಗೆ ಸೇರಿಹೋಗಿದೆ ಎಂದು ಅಮ್ಮ ಈಗ ಹೇಳುತ್ತಿದ್ದಾಳೆ. ಅಂಟು ಹಾಕಿ ಆಗಿದೆ, ಮತ್ತೆ ಬಿಚ್ಚುವುದಿಲ್ಲ. ಈ ತಿಂಗಳ ಅಕ್ಕಿ ಇನ್ನೂ ತಂದಿಲ್ಲ.

ಇಂತಿ,
ನಿನ್ನ ಅಪ್ಪ