ಹಳೆಯ ಸ್ಕಾರ್ಪಿಯೊ ಕೊಳ್ಳುವ ಮುನ್ನ: ಅಳಿಯನಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಹೊಳಲ್ಕೆರೆಯ ತೋಟಕ್ಕೆ ಓಡಾಡಲು 12 ವರ್ಷ ಹಳೆಯ ಡೀಸೆಲ್ ಸ್ಕಾರ್ಪಿಯೊ ಒಂದನ್ನು ನೋಡಿಟ್ಟಿದ್ದೀಯೆಂದೂ, ಬಣ್ಣ, ಸೀಟು ಎಲ್ಲವೂ ಹೊಸದರಂತಿವೆಯೆಂದೂ ನಿನ್ನ ತಾಯಿ ಹೇಳಿದಳು. ಬಣ್ಣ ಬಳಿಸುವುದು ಸುಲಭ. ಇಂಜಿನ್ನನ್ನು ತಣ್ಣಗಿರುವಾಗ ನೋಡದೆ, ಗಾಡಿಯ ಕೆಳಗೆ ಮಲಗಿ ಚಾಸಿಯನ್ನು (ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟನ್ನು) ನೋಡದೆ ಮುಂಗಡ ಕೊಡಬೇಡವೆಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಕೊಂಡ ಜೀಪನ್ನು ಮಾರುವವರು ನಡುಮಧ್ಯಾಹ್ನ, ಆಗಲೇ ಓಡಿಸಿ ಬಿಸಿಯಾಗಿದ್ದಾಗ ತೋರಿಸಿದ್ದರು. ಬಿಸಿಯಾದ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯೂ ಕಾಣಲಿಲ್ಲ. ಮೂರನೆಯ ವಾರ ಹಿರಿಯೂರಿನ ಆಚೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗಕ್ಕೂ ಒಡಲಿಗೂ ನಡುವಿನ ಬಿಗಿಪದರ) ಹೋಗಿ, ನಿನ್ನ ಅತ್ತೆಯನ್ನೂ ಮಕ್ಕಳನ್ನೂ ಹೆದ್ದಾರಿಯ ಬಿಸಿಲಿನಲ್ಲಿ ನಿಲ್ಲಿಸಿಕೊಂಡಿದ್ದ ಆ ಹೊತ್ತು ನನಗೆ ಇಂದಿಗೂ ಮರೆತಿಲ್ಲ. ಆದುದರಿಂದ ನೀನು ಬೆಳಗಿನ ಜಾವವೇ ಹೋಗು, ಬಾನೆಟ್ ಮುಟ್ಟಿ ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ನೀನೇ ಸ್ಟಾರ್ಟ್ ಮಾಡು. ಬೆಚ್ಚಗಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆಯೆಂದು ತಿಳಿ. ಅದು ಸವೆದ ಪಿಸ್ಟನ್ ರಿಂಗಿನಿಂದಲೂ ಆಗಿರಬಹುದು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದಲೂ ಆಗಿರಬಹುದು. ನಿಲ್ಲದ ಬಿಳಿ ಹೊಗೆಯ ಜೊತೆಗೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಕೂಡ ಇಳಿಯುತ್ತಿದ್ದರೆ ಗ್ಯಾಸ್ಕೆಟ್ಟನ್ನು ಸಂಶಯಿಸು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ನೋಡು: ತೆಳುವಾದ ಆವಿ ಸಹಜ, ಆದರೆ ಕೊಳವೆಯಿಂದ ಊದಿದಂತೆ ರಭಸವಾಗಿ ಹೊಗೆ ನುಗ್ಗಿದರೆ ಇಂಜಿನ್ನಿನ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಸವೆದಿದೆ. ಅಂಥ ಗಾಡಿಯ ಬಳಿ ಮತ್ತೆ ನಿಲ್ಲಬೇಡ.

ರೇಡಿಯೇಟರ್ ಮುಚ್ಚಳವನ್ನು ಮಾತ್ರ ಸ್ಟಾರ್ಟ್ ಮಾಡುವ ಮೊದಲೇ ತೆಗೆ. ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಳಗೆ ಹಸಿರೋ ಕೆಂಪೋ ಬಣ್ಣದ ತಿಳಿಯಾದ ಕೂಲೆಂಟ್ ಇರಬೇಕು. ನಮ್ಮ ಸೀಮೆಯಲ್ಲಿ ಅನೇಕರು ಕೂಲೆಂಟಿನ ಬದಲು ಬೋರ್‌ವೆಲ್ ನೀರನ್ನೇ ಸುರಿಯುತ್ತಾರೆ. ಆ ಗಡಸು ನೀರು ಬಚ್ಚಲ ಹಂಡೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟಿಸುತ್ತದೆಯಲ್ಲ, ರೇಡಿಯೇಟರಿನ ಸಣ್ಣ ನಳಿಕೆಗಳೊಳಗೂ ಹಾಗೆಯೇ ಕಟ್ಟಿಸಿ, ಏರಿನಲ್ಲಿ ಇಂಜಿನ್ ಅತಿಯಾಗಿ ಬಿಸಿಯಾಗುವಂತೆ ಮಾಡುತ್ತದೆ. ತುಕ್ಕಿನ ಬಣ್ಣದ ನೀರೋ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತಂಥ ಆಯಿಲೋ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಒಪ್ಪಬೇಡ.

ಬಳಿಕ ಗಾಡಿಯನ್ನು ಗ್ಯಾರೇಜಿನ ಪಿಟ್ (ಕೆಳಗಿಳಿದು ನೋಡುವ ಗುಂಡಿ) ಮೇಲೆ ನಿಲ್ಲಿಸು. ಚಾಸಿಯ ಮೂಲೆಗಳಲ್ಲಿ ಕೆಂಪು ಅದಿರಿನ ಧೂಳು ಗಟ್ಟಿಯಾಗಿ ಕೂತಿದ್ದರೆ ಅದು ಭೀಮಸಮುದ್ರದ ಕಡೆಯ ಗಣಿರಸ್ತೆಗಳಲ್ಲಿ ದುಡಿದಿರಬಹುದು. ಆಗ ಮೀಟರ್ ಏನೇ ಹೇಳಲಿ, ಮುಂಚಕ್ರಗಳನ್ನು ಹಿಡಿದಿಡುವ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿಸು. ಚಾಸಿಯ ಮೇಲೆ ಹೊಸ ವೆಲ್ಡಿಂಗ್ ಗುರುತಿದ್ದರೆ ಗಾಡಿ ಭಾರಿ ಪೆಟ್ಟು ತಿಂದಿರಬಹುದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದು: 2318 ಎಂದರೆ 2018ರ 23ನೆಯ ವಾರ. ಒಳಅಂಚು ಮಾತ್ರ ಸವೆದಿದ್ದರೆ ಮುಂಚಕ್ರಗಳ ಅಲೈನ್‌ಮೆಂಟ್ ತಪ್ಪಿದೆ.

ಓಡಿಸುವಾಗ ಜೋಗಿಮಟ್ಟಿ ಕಡೆಯ ಏರಿಗೆ ಕೊಂಡೊಯ್ಯಿ. ಇಂಜಿನ್ ಕೂಗುತ್ತಿದ್ದರೂ ಗಾಡಿ ವೇಗ ಹಿಡಿಯದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಿಂದಿನ ಆಕ್ಸಲ್ ಹೌಸಿಂಗಿನಿಂದ ವೇಗದೊಡನೆ ಹೆಚ್ಚುವ ಗುಂಯ್ಗುಡುವಿಕೆ ಕೇಳಿದರೆ ಅದರೊಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಅಥವಾ ಬೇರಿಂಗ್ ಸವೆದಿರಬಹುದು. ಇಂಜಿನ್ನಿನ ಮೇಲೆ ಪೂರ್ತಿ ಭಾರ ಬೀಳುವಂತೆ ಏಸಿಯನ್ನೂ ಹಾಕಿಕೊಂಡೇ ಹತ್ತಿಸು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ನಿನಗೆ ಮೂರೇ ವರ್ಷ ಉಳಿದಿದೆ. ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ರದ್ದಾಗಿದೆಯೇ ಎಂಬುದನ್ನೂ ನೋಡು.

ಬರುವ ಭಾನುವಾರ ಮೊದಲ ಬಸ್ಸಿಗೆ ನಾನೂ ಚಿತ್ರದುರ್ಗಕ್ಕೆ ಬರುತ್ತೇನೆ. ಶನಿವಾರ ರಾತ್ರಿಯಿಂದ ಗಾಡಿಯನ್ನು ಸ್ಟಾರ್ಟ್ ಮಾಡದೆ ನಿಲ್ಲಿಸಿಡಲು ಮಾರುವವರಿಗೆ ಇಂದೇ ಹೇಳಿಡು.

ಇಂತಿ ನಿನ್ನ ಮಾವ