ಮಗಳಿಗೊಂದು ಪತ್ರ: ದನಿಯಲ್ಲಿ ಹೇಳಲಾಗದ್ದು

ಯವ್ವಾ,

ವಾಯ್ಸ್ ಮೆಸೇಜ್ ಕಳಿಸಬಹುದಿತ್ತು. ಆದರೆ ಮಿಲ್ಲಿನ ಹಿಂದಿನ ಕಟ್ಟೆ ಮೇಲೆ ಕೂತು ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ನನ್ನ ದನಿ ಕೇಳಿದರೆ ಅರ್ಧ ಮಾತಿಗೇ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ. ಕಣ್ಣು ಕಾಣದ ನಿನಗೆ ಫೋನಿನಲ್ಲಿ ಅಕ್ಷರ ಓದಿ ಹೇಳುವ ಆ ಹೆಣ್ಣುದನಿ ಇದೆಯಲ್ಲ, ನೀನು ಓಡಿಸುವ ಸ್ಪೀಡಿಗೆ ಅದರ ಒಂದು ಪದವೂ ನನಗೆ ತಿಳಿಯುವುದಿಲ್ಲ. ಆಕೆಯೇ ಓದಲಿ. ಆಕೆಗೆ ಗಂಟಲು ಕಟ್ಟುವುದಿಲ್ಲ.

ಮೊನ್ನೆ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಆದದ್ದನ್ನು ಪೂರ್ತಿ ಕೆದಕುವುದಿಲ್ಲ. ಸೋದರತ್ತೆ ಮುಂದೆ ನಾನು ಎಂದಿನಂತೆ "ದೇವರು ಕಣ್ಣು ಕಸಗೊಂಡು ಕಿವಿ ಕೊಟ್ಟ" ಎಂದೆ. ನೀನು "ದೇವರಲ್ಲಪ್ಪಾ, ಮಿದುಳು. ಅದರ ಮೇಲೆ ನನ್ನ ದುಡಿಮೆ" ಅಂದಿ. ಅಷ್ಟಕ್ಕೇ ನಾನು ಅಷ್ಟು ಜನರ ನಡುವೆ ಯಾಕೆ ಕೂಗಾಡಿದೆ ಎಂದು ನಿಮ್ಮವ್ವ ಇವತ್ತಿಗೂ ಕೇಳುತ್ತಿದ್ದಾಳೆ.

ಬೆಂಗಳೂರು ಮುಟ್ಟಿದ ಮೇಲೆ ನೀನು ಕಳಿಸಿದ ನಲವತ್ತು ನಿಮಿಷದ ಪಾಠವನ್ನು ಮೂರು ಸಲ ಕೇಳಿದೆ. ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಕಿವಿ ನಿನ್ನದೂ ನಿನ್ನ ತಮ್ಮನದೂ ಒಂದೇ. ವ್ಯತ್ಯಾಸ ಇರುವುದು ಕೇಳಿದ್ದನ್ನು ಬಿಡಿಸಿಕೊಳ್ಳುವಲ್ಲಿ. ಎಳೆತನದಲ್ಲೇ ಕಣ್ಣು ಹೋದರೆ ತಲೆಯ ಹಿಂದಿರುವ ನೋಡುವ ಭಾಗ ಖಾಲಿ ಕೂರುವುದಿಲ್ಲ. 1996ರಲ್ಲಿ ಸದಾತೋ ಎನ್ನುವ ವಿಜ್ಞಾನಿ ಮತ್ತು ಜೊತೆಯವರು ಸ್ಕ್ಯಾನ್ ಮಾಡಿ ನೋಡಿದಾಗ, ಅಂಧರು ಬೆರಳಾಡಿಸಿ ಬ್ರೈಲ್ ಓದುತ್ತಿದ್ದರೆ ಆ ಭಾಗ ಚುರುಕಾಗಿತ್ತು. ಶಬ್ದಕ್ಕೂ ಅದು ಹಾಗೇ ಎದ್ದು ಕೂರುತ್ತದೆ. 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೊಂದು ಕಂಡರು. ಕೇಳುವ ಭಾಗವೂ ಬದಲಾಗಿರುತ್ತದೆ, ಸ್ವರಗಳನ್ನು ಇನ್ನೂ ಸಣ್ಣ ಪಾಲು ಮಾಡಿ ಹಿಡಿಯುತ್ತದೆ. ನನಗೆ ನಮ್ಮ ಜರಡಿ ನೆನಪಾಯಿತು. ಜರಡಿಯ ಕಣ್ಣು ಸಣ್ಣದಾದಷ್ಟೂ ನುಚ್ಚು ಚೆನ್ನಾಗಿ ಬೇರೆಯಾಗುತ್ತದೆ.

ಆದರೆ ಒಂದು ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. 2004ರಲ್ಲಿ ಕೆನಡಾದವರು ಎರಡು ಸ್ವರ ಕೇಳಿಸಿ ಏರಿತೋ ಇಳಿಯಿತೋ ಎಂದು ಕೇಳಿದರಂತಲ್ಲ. ಚಿಕ್ಕಂದಿನಲ್ಲೇ ಕಣ್ಣು ಹೋದವರು ಎಲ್ಲರಿಗಿಂತ ಮುಂದಿದ್ದರು. ದೊಡ್ಡವರಾದ ಮೇಲೆ ಹೋದವರು ಹಾಗಿರಲಿಲ್ಲ. ಅದನ್ನು ಕೇಳಿದಾಗ ನನಗೆ ಒಂದು ಗಳಿಗೆ ಹಗುರಾಯಿತು. ಯಾಕೆ ಹಗುರಾಯಿತು ಅನ್ನುವುದನ್ನು ಹೇಳಲಿಕ್ಕೇ ಈ ಪತ್ರ.

ನಿನಗೆ ಹದಿನಾಲ್ಕು ತಿಂಗಳು. ಮೈತುಂಬ ದಡಾರ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಅಮ್ಮ ಬಂದಿದ್ದಾಳೆ, ಆಸ್ಪತ್ರೆಗೆ ಒಯ್ಯಬಾರದು ಎಂದರು. ಭತ್ತದ ಸುಗ್ಗಿ, ಮಿಲ್ಲಿನಲ್ಲಿ ಎರಡೂ ಪಾಳಿ ನನ್ನವೇ. ಎಂಟು ದಿನ ಹೋಯಿತು. ನಾಲ್ಕನೇ ದಿನ ನಿನ್ನ ಕಣ್ಣು ಕೆಂಪಾಗಿ ಅಂಟಿಕೊಂಡವು. ಯಾರೋ ಎಲೆ ರಸ ತಂದರು. ನಿಮ್ಮವ್ವ ಬೇಡ ಎಂದಳು. ಯವ್ವಾ, ನಿನ್ನ ತಲೆ ಅಲುಗದಂತೆ ಹಿಡಿದವನು ನಾನು. ಈ ಎರಡು ಕೈಯಲ್ಲಿ. ರಸ ಬಿದ್ದಾಗ ನೀನು ಅತ್ತ ಅಳು ನನಗೆ ಇವತ್ತಿಗೂ ಕೇಳಿಸುತ್ತದೆ, ಅದಕ್ಕೆ ನಿನ್ನಂಥ ಮಿದುಳು ಬೇಕಿಲ್ಲ. ಒಂಬತ್ತನೇ ದಿನ ಡಾಕ್ಟರ್ ಬ್ಯಾಟರಿ ಬಿಟ್ಟು ನೋಡಿದರು. ಕರಿಗುಡ್ಡೆ ಬೆಳ್ಳಗಾಗಿತ್ತು. ದಡಾರ ಬಂದ ಮಗುವಿಗೆ ಎರಡು ದಿನ ವಿಟಮಿನ್ ಎ ಹನಿ ಕೊಡಬೇಕು, ಕಣ್ಣಿಗೆ ಏನೂ ಹಾಕಬಾರದು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ದಿನ. ಅವತ್ತಾದರೂ ಹೊರಟಿದ್ದರೆ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ. ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಅರ್ಧ ಗಂಟೆ!

ನಿನಗೆ ಇದನ್ನು ಹೇಳಿರಲಿಲ್ಲ. ಬದಲಿಗೆ ಮಿಲ್ಲಿನಲ್ಲಿ ಭತ್ತ ಮೇಲಕ್ಕೆತ್ತುವ ಎಲಿವೇಟರ್ ಬೆಲ್ಟಿನ ಕತೆ ಹೇಳುತ್ತಾ ಬಂದೆ. ಎಂಟು ವರ್ಷದ ಹುಡುಗಿ ಬುತ್ತಿ ತಂದವಳು "ಅಪ್ಪಾ, ಮಷಿನ್ ಬೇರೆ ಥರ ಉಸಿರಾಡ್ತೈತಿ" ಅಂದದ್ದು, ಸಂಜೆಯೊಳಗೆ ಬೆಲ್ಟ್ ಹರಿದದ್ದು. ಹಮಾಲರಿಗೆ, ಓನರಿಗೆ, ಗವಿಮಠದ ಜಾತ್ರೆಯಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ದೇವರು ಕಸಗೊಂಡ ಎಂದರೆ ನಾನು ಕಸಗೊಂಡಿಲ್ಲ ಅಂತಾಯಿತಲ್ವಾ. ನೀನು ಬಸ್ಸಿನ ಮೆಟ್ಟಿಲ ಮೇಲೆ ದೇವರನ್ನು ತೆಗೆದುಬಿಟ್ಟಿ. ಉಳಿದವನು ನಾನೊಬ್ಬನೇ.

ಆ ಕೆನಡಾದ ಮಾತು ಕೇಳಿ ಹಗುರಾದದ್ದೂ ಅದಕ್ಕೇ. ಕಣ್ಣು ಬೇಗ ಹೋಗಿದ್ದಕ್ಕೇ ಒಳ್ಳೆಯದಾಯಿತು ಎಂದು ನನ್ನ ತಪ್ಪಿಗೆ ನಿನ್ನ ಪುಸ್ತಕದಿಂದ ಸರ್ಟಿಫಿಕೇಟ್ ಬರೆಸಿಕೊಳ್ಳುತ್ತಿದ್ದೆ. ನಾಚಿಕೆಯಾಯಿತು.

ಊರವರೆಲ್ಲ ಗದಗಿನ ಅಜ್ಜಾರ ಆಶ್ರಮಕ್ಕೆ ಹಾಕು, ಪುಟ್ಟರಾಜ ಗವಾಯಿಗಳ ಹಾಗೆ ಹಾಡಲಿ ಎಂದಾಗ ನೀನು "ಕುರುಡರೆಲ್ಲ ಹಾಡಲೇಬೇಕೇನು?" ಎಂದು ಕೇಳಿದ್ದಿ. ಅವತ್ತು ಸಿಟ್ಟು ಬಂದಿತ್ತು. ಈಗ ನೀನು ಮನಶ್ಶಾಸ್ತ್ರ ಓದಲಿಕ್ಕೆ ಹೋದೆ ಎಂದು ಹೇಳುವಾಗ ಎದೆ ಉಬ್ಬುತ್ತದೆ. ಸ್ವರ ಹಿಡಿಯುವುದೇನೋ ಸರಿ, ನಿನ್ನ ಹಾಡು ಅಷ್ಟಕ್ಕಷ್ಟೇ ಬಿಡು.

ಉಪದೇಶ ಮಾಡಬಾರದು ಅಂದುಕೊಂಡಿದ್ದೆ. ಆದರೂ ಕೇಳು. ರಸ್ತೆಯಲ್ಲಿ ಇಯರ್‌ಫೋನ್ ಹಾಕಬೇಡ, ಒಂದು ಕಿವಿಗೂ ಬೇಡ. ಅಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಜಾಸ್ತಿ, ಸದ್ದೇ ಇರುವುದಿಲ್ಲ. ಗದ್ದಲದಲ್ಲಿ ಶಬ್ದ ಮೇಲಿಂದ ಬಂತೋ ಕೆಳಗಿಂದ ಬಂತೋ ಅನ್ನುವುದರಲ್ಲಿ ಚಿಕ್ಕಂದಿನಿಂದ ಕಾಣದವರು ಹಿಂದೆ ಬೀಳುತ್ತಾರೆ ಎಂದು ನೀನೇ ಹೇಳಿದ್ದಿ. ಹಾಗಾದರೆ ಕೋಲು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವ ಜಂಬ ಯಾಕೆ? ಕೇಳಿಸುತ್ತದೆ ಎಂದು ಧೈರ್ಯ ಮಾಡಬೇಡ. ಹಾಸ್ಟೆಲ್ ಮೆಟ್ಟಿಲು ಎಣಿಸಿಕೋ. ಹೊತ್ತಿಗೆ ಉಣ್ಣು. ಎಲ್ಲ ನಿನಗೆ ಗೊತ್ತಿರುವುದೇ, ಸುಮ್ನೆ ಬರೆದೆ.

ಓದಿದ ಮೇಲೆ ಸಿಟ್ಟು ಬಂದರೆ ನಾಲ್ಕು ದಿನ ಬಿಟ್ಟು ಫೋನ್ ಮಾಡು. ಬಾರದಿದ್ದರೆ ಇವತ್ತೇ ಮಾಡು. ಮಿಲ್ಲಿನೊಳಗೆ ಸದ್ದಿನಲ್ಲಿ ನನ್ನ ದನಿ ಮುಚ್ಚಿಹೋಗುತ್ತದೆ. ರಿಂಗಾದ ಕೂಡಲೇ ಹೊರಗೆ ಕಾಲುವೆ ದಂಡೆಗೆ ಹೋಗಿ ಮಾತಾಡುತ್ತೇನೆ.

ನಿನ್ನ ಅಪ್ಪ