ಸಿವಿಕ್ ಕಾರಿಗೆ ಹೊಸ ಎಂಜಿನ್: ಅಪ್ಪನಿಗೆ ಪತ್ರ

ಕ್ಯಾಂಟನ್, ಮಿಷಿಗನ್
ನವೆಂಬರ್ 16

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ ಎಂದು ಮುಂದಿನ ಸಲ ಅವಳೇ ಫೋನಿನಲ್ಲಿ ಹೇಳಲಿ. ನಿಮ್ಮನ್ನು ಕೇಳಿದರೆ ಎಲ್ಲವೂ 'ಪರವಾಗಿಲ್ಲ' ಎನ್ನುವುದರಲ್ಲೇ ಮುಗಿದುಹೋಗುತ್ತದೆ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ಒಂದೇ ಮಾತು: ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಯಾಕೆ ಇಳಿಸುತ್ತೀ? ಅವಸರದಲ್ಲಿ ಅರ್ಧ ಉತ್ತರ ಕೊಡಲು ಮನಸ್ಸಾಗಲಿಲ್ಲ. ನಲವತ್ತು ವರ್ಷ ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟಿದವರಿಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಅದಕ್ಕೇ ಈ ಪತ್ರ.

ಕಾರು 1993ರ ಹೋಂಡಾ ಸಿವಿಕ್. ಮೂರು ಬಾಗಿಲಿನ ಸಣ್ಣ ಕಾರು, ತೂಕ ಒಂದು ಟನ್ನಿನ ಆಸುಪಾಸು. ಇದನ್ನು ಟೆನ್ನೆಸಿಯಿಂದ ತರಿಸಿಕೊಂಡೆ. ಮಿಷಿಗನ್ನಿನಲ್ಲಿ ಚಳಿಗಾಲ ಪೂರ್ತಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಹಳೆಯ ಕಾರುಗಳ ಅಡಿಭಾಗವನ್ನು ತಿಂದುಬಿಟ್ಟಿರುತ್ತದೆ. ಈ ಮಾದರಿಯಲ್ಲಂತೂ ಹಿಂದಿನ ಚಕ್ರದ ಮೇಲಿನ ಕಮಾನು ಮೊದಲು ತೂತಾಗುತ್ತದೆ. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಹೊರುವ ಕಬ್ಬಿಣ ತುಕ್ಕು ಹಿಡಿದಿದ್ದರೆ ಮುಂದಿನ ಮಾತೇ ಬೇಡ. ನಾನು ಅಡಿಗೆ ಮಲಗಿ ಸಬ್‌ಫ್ರೇಮ್, ಸಸ್ಪೆನ್ಷನ್ ತೋಳುಗಳು, ಬ್ರೇಕ್ ಪೈಪುಗಳನ್ನೆಲ್ಲ ಟಾರ್ಚ್ ಹಿಡಿದು ಸುತ್ತಿಗೆಯಿಂದ ತಟ್ಟಿ ನೋಡಿದ ಮೇಲೆಯೇ ಹಣ ಕೊಟ್ಟದ್ದು.

ಈಗ ಅದರಲ್ಲಿರುವುದು ಒಂದೂವರೆ ಲೀಟರಿನ ಡಿ15ಬಿ7 ಎಂಜಿನ್, 102 ಅಶ್ವಶಕ್ತಿ. ಕೆಲಸಕ್ಕೆ ಹೋಗಿಬರಲು ಧಾರಾಳ ಸಾಕು. ಆದರೆ ಅಪ್ಪ, ಈ ಕಾರಿನ ನಾಲ್ಕೂ ಚಕ್ರಗಳಿಗೆ, ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. ಇಷ್ಟು ಅಗ್ಗದ ಕಾರಿಗೆ ಅಷ್ಟು ಒಳ್ಳೆಯ ಸಸ್ಪೆನ್ಷನ್ ಕೊಟ್ಟವರು ಬಹಳ ಕಡಿಮೆ. ತಿರುವಿನಲ್ಲಿ ಅದು ನೆಲ ಕಚ್ಚಿ ನಿಲ್ಲುವುದನ್ನು ಕಂಡಾಗಲೆಲ್ಲ ಈ ಚಾಸಿಸ್ ಇದರ ಎರಡರಷ್ಟು ಶಕ್ತಿಯನ್ನು ತಡೆದುಕೊಳ್ಳುತ್ತದೆ ಎನಿಸುತ್ತದೆ. ಊರ ರಸ್ತೆಯಲ್ಲಿ ಓಡಿಸಲು ಅಲ್ಲ. ಇದನ್ನು ಅಮ್ಮನಿಗೆ ಒತ್ತಿ ಹೇಳಿ. ಸೌತ್ ಹೇವನ್‌ನಲ್ಲಿ ಜಿಂಜರ್‌ಮ್ಯಾನ್ ಎಂಬ ರೇಸ್‌ವೇ ಇದೆ. ಅಲ್ಲಿ ಹೆಲ್ಮೆಟ್ ಹಾಕಿಕೊಂಡು, ಎದುರಿನಿಂದ ಯಾವ ವಾಹನವೂ ಬರದ ಕಡೆ ಓಡಿಸುವ ಆಸೆ. ಜೊತೆಗೆ, ಒಂದು ಎಂಜಿನ್ನನ್ನು ಅದು ಹುಟ್ಟದ ಕಾರಿನಲ್ಲಿ ನನ್ನ ಕೈಯಾರೆ ಕೂರಿಸಬೇಕು ಎಂಬ ಹಂಬಲ ನಿಮ್ಮ ಅಂಬಾಸಿಡರ್ ದಿನಗಳಿಂದಲೂ ಇದೆ.

ಆರಿಸಿರುವುದು ಹೋಂಡಾದ್ದೇ ಕೆ20ಎ2. ಎರಡು ಲೀಟರ್, ಬೋರ್, ಅಂದರೆ ಸಿಲಿಂಡರಿನ ಅಗಲ, 86 ಮಿ.ಮೀ., ಪಿಸ್ಟನ್ ಚಲಿಸುವ ದೂರವಾದ ಸ್ಟ್ರೋಕ್ ಕೂಡ 86. 2002ರಿಂದ 2004ರ, ಹೋಂಡಾದ ಇನ್ನೊಂದು ಬ್ರ್ಯಾಂಡ್ ಅಕ್ಯುರಾದ ಆರ್‌ಎಸ್‌ಎಕ್ಸ್ ಟೈಪ್-ಎಸ್ ಕಾರಿನಲ್ಲಿ ಬಂದದ್ದು. 200 ಅಶ್ವಶಕ್ತಿ, ಆರು ಗೇರು. ಗಾಳಿ-ಪೆಟ್ರೋಲನ್ನು ಸಿಲಿಂಡರಿನಲ್ಲಿ ಅದುಮುವ ಅನುಪಾತ, ಅಂದರೆ ಕಂಪ್ರೆಷನ್, 11ಕ್ಕೆ 1. ಈಗಿನ ಎಂಜಿನ್ನಿನದು 9.2ಕ್ಕೆ 1. ಹಾಗಾಗಿ ಇನ್ನು ಮೇಲೆ ಪ್ರೀಮಿಯಂ ಪೆಟ್ರೋಲನ್ನೇ ಹಾಕಬೇಕು. ಟೈಮಿಂಗ್ ಬೆಲ್ಟ್ ಬದಲು ಚೈನ್. ಇದೇ ಕುಟುಂಬದ 2.4 ಲೀಟರಿನ ಕೆ24 ಕೂಡ ಸಿಗುತ್ತದೆ, ಕೆಳಗಿನ ವೇಗದಲ್ಲಿ ಅದರ ಎಳೆತ ಹೆಚ್ಚು, ಬಹಳ ಜನ ಅದನ್ನೇ ಹಾಕುತ್ತಾರೆ. ನಾನು ಬೇಡವೆಂದೆ. ಅದರ ಬ್ಲಾಕ್ ಸುಮಾರು 20 ಮಿ.ಮೀ. ಎತ್ತರ, ಬಾನೆಟ್ಟಿನ ಕೆಳಗೆ ಜಾಗ ಬಿಗಿಯಾಗುತ್ತದೆ. ಅದು ಬಂದ ಕೆಲವು ಕಾರುಗಳಲ್ಲಿ ಥ್ರಾಟಲ್ ವಿದ್ಯುತ್ತಿನದು. ನನ್ನದು ಹಳೆಯ ರೀತಿಯ ಕೇಬಲ್. ಎಂಜಿನ್, ಗೇರ್‌ಬಾಕ್ಸ್, ಕಂಪ್ಯೂಟರ್, ವೈರಿಂಗ್ ಎಲ್ಲವೂ ಒಂದೇ ಕಾರಿನಿಂದ ಬಂದದ್ದಾದರೆ ಅವು ಮೊದಲೇ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ನಾಲ್ಕು ಕಡೆಯಿಂದ ತಂದು ಜೋಡಿಸಿದರೆ ದೋಷ ಎಲ್ಲಿದೆ ಎಂದು ಹುಡುಕುವುದರಲ್ಲೇ ಚಳಿಗಾಲ ಕಳೆದುಹೋಗುತ್ತದೆ.

ಹಾಗಾಗಿ ಹುಡುಕುತ್ತಿರುವುದು ಹಿಂದಿನಿಂದ ಗುದ್ದಿಸಿಕೊಂಡ ಆರ್‌ಎಸ್‌ಎಕ್ಸ್ ಕಾರನ್ನು. ಮುಂಭಾಗ ನೆಟ್ಟಗಿರಬೇಕು. ಇಲ್ಲಿನ ಗುಜರಿ ಅಂಗಡಿಗಳ ದಾಸ್ತಾನೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೀವು ಅಂಗಡಿಯಿಂದ ಅಂಗಡಿಗೆ ಅಲೆದಂತೆ ಅಲೆಯಬೇಕಿಲ್ಲ. ಆದರೆ ನೋಡುವ ಕಣ್ಣು ನಿಮ್ಮದೇ ಬೇಕು. ಆಯಿಲ್ ಮುಚ್ಚಳದ ಒಳಗೆ ಕೆಸರು ಕಟ್ಟಿದೆಯೇ, ಕೂಲಂಟಿನಲ್ಲಿ ಎಣ್ಣೆಯ ಪೊರೆ ಇದೆಯೇ, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಹತ್ತಿರವಿದೆಯೇ, ಆಮೇಲೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್-ಡೌನ್ ಪರೀಕ್ಷೆ. ಈ ಗೇರ್‌ಬಾಕ್ಸಿಗೆ ಮೂರನೇ ಗೇರು ಕರಕರ ಎನ್ನುವ ದೂರು ಬಹಳ ಹಳೆಯದು, ಗೇರುಗಳನ್ನು ಸದ್ದಿಲ್ಲದೆ ಕೂಡಿಸುವ ಸಿಂಕ್ರೊ ಸವೆಯುತ್ತದೆ. ಓಡಿಸಿ ನೋಡಲು ಸಿಗುವ ಕಾರನ್ನೇ ಕೊಳ್ಳಬೇಕೆಂದು ಹಟ ಹಿಡಿದಿರುವುದು ಅದಕ್ಕೇ.

ನಿಮಗೆ ಖುಷಿ ಕೊಡುವ ಭಾಗ ಈಗ ಬರುತ್ತದೆ. ಹಳೆಯ ಎಂಜಿನ್ ಎಡಕ್ಕೆ ತಿರುಗುತ್ತದೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಹೊಸದು ಬಲಕ್ಕೆ. ಹಳೆಯದರಲ್ಲಿ ಪುಲ್ಲಿ ಕಾರಿನ ಎಡಗಡೆ, ಗೇರ್‌ಬಾಕ್ಸ್ ಬಲಗಡೆ. ಹೊಸದರಲ್ಲಿ ಪೂರ್ತಿ ಅದಲುಬದಲು. ಹಳೆಯದರ ಎಕ್ಸಾಸ್ಟ್ ರೇಡಿಯೇಟರಿನ ಕಡೆ ಮುಖ ಮಾಡಿದ್ದರೆ ಹೊಸದರದ್ದು ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆಯ ಕಡೆ. ಇದೊಂದರಿಂದ ಎಷ್ಟು ಬದಲಾಗುತ್ತದೆ ನೋಡಿ. ಎಂಜಿನ್ ಮೌಂಟಿಂಗ್ ಒಂದೂ ಕೂರುವುದಿಲ್ಲ, ಎಲ್ಲವೂ ಹೊಸದು ಬೇಕು. ಎಡಬಲದ ಡ್ರೈವ್ ಶಾಫ್ಟ್‌ಗಳಿಗೆ ಒಳತುದಿ ಆರ್‌ಎಸ್‌ಎಕ್ಸ್ ಗೇರ್‌ಬಾಕ್ಸಿಗೆ ಹೊಂದಬೇಕು, ಹೊರತುದಿ ಸಿವಿಕ್ ಹಬ್ಬಿಗೆ. ಹಳೆಯ ಗೇರು ಬದಲಿಸುತ್ತಿದ್ದದ್ದು ಉಕ್ಕಿನ ಸರಳುಗಳಿಂದ. ಹೊಸದು ಎರಡು ಕೇಬಲ್‌ಗಳಿಂದ, ಹಾಗಾಗಿ ಗೇರಿನ ಕೋಲು, ಅದರ ಪೆಟ್ಟಿಗೆ ಕೂಡ ಬೇರೆ. ಕಾದು ಕೆಂಪಾಗುವ ಎಕ್ಸಾಸ್ಟ್ ಈಗ ಸ್ಟೀರಿಂಗ್ ರ‍್ಯಾಕ್ ಮತ್ತು ಬ್ರೇಕ್ ಪೈಪುಗಳ ಪಕ್ಕಕ್ಕೆ ಬರುತ್ತದೆ, ಅಲ್ಲಿ ಶಾಖ ತಡೆಯುವ ತಗಡು ಹೊಡೆಯಲೇಬೇಕು. ರೇಡಿಯೇಟರಿನ ಹೋಸ್ ಬಾಯಿಗಳು ಹೊಂದುವುದಿಲ್ಲ, ಅದನ್ನೂ ಬದಲಿಸುತ್ತೇನೆ. ಕ್ಲಚ್ ಮಾತ್ರ ಎರಡರಲ್ಲೂ ಹೈಡ್ರಾಲಿಕ್, ಅಲ್ಲಿ ಕಷ್ಟವಿಲ್ಲ.

ನೀವು ಅಂಬಾಸಿಡರಿಗೆ ಮಟಾಡರ್ ಡೀಸೆಲ್ ಎಂಜಿನ್ ಕೂರಿಸಿದಾಗ ಮೌಂಟಿಂಗ್ ಪಟ್ಟಿಗಳನ್ನು ಕೈಯಲ್ಲೇ ಕತ್ತರಿಸಿ ವೆಲ್ಡಿಂಗ್ ಮಾಡಿಸಿದಿರಿ. ಅಂಥ ಕೈ ನನಗಿನ್ನೂ ಬಂದಿಲ್ಲ. ಇಲ್ಲಿ ಹ್ಯಾಸ್‌ಪೋರ್ಟ್‌ನಂತಹ ಕಂಪನಿಗಳು ಈ ಕಾರಿಗೆ ಈ ಎಂಜಿನ್ ಎಂದೇ ಅಳತೆ ಹಿಡಿದು ಮೌಂಟಿಂಗ್ ಮಾಡಿ ಮಾರುತ್ತವೆ. ಸ್ವಲ್ಪ ದುಬಾರಿ. ಆದರೆ ಎಂಜಿನ್ ಕೂರುವ ಕೋನ ಒಂದಿಷ್ಟು ತಪ್ಪಿದರೂ ಡ್ರೈವ್ ಶಾಫ್ಟ್ ಜಾಯಿಂಟ್‌ಗಳು ಬೇಗ ಸಾಯುತ್ತವೆ, ಅಲ್ಲಿ ಹಣ ಉಳಿಸಬಾರದು. ನಾನು ಮಾಡಿಟ್ಟಿರುವ ಪಟ್ಟಿಯಲ್ಲಿ ಎಂಜಿನ್ನಿನ ಬೆಲೆಗಿಂತ ಅದರ ಸುತ್ತಲಿನ ಸಾಮಾನಿನ ಬೆಲೆಯೇ ಹೆಚ್ಚು. ಎಂಜಿನ್ ಇಳಿಸಿ ಏರಿಸುವುದು ಒಂದು ದಿನದ ಕೆಲಸ. ಅದರ ಸುತ್ತಲಿನದ್ದನ್ನು ಸರಿಯಾಗಿ ಯೋಚಿಸಿಡುವುದೇ ನಿಜವಾದ ಕೆಲಸ ಎಂದು ನನಗೆ ದಿನದಿನಕ್ಕೂ ಖಚಿತವಾಗುತ್ತಿದೆ.

ಪೆಟ್ರೋಲಿನ ದಾರಿಯಲ್ಲಿ ಒಂದು ಸೂಕ್ಷ್ಮವಿದೆ. ಆರ್‌ಎಸ್‌ಎಕ್ಸ್ ಕಾರಿನಲ್ಲಿ ಒತ್ತಡ ಹಿಡಿಯುವ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ, ಎಂಜಿನ್ನಿನಿಂದ ವಾಪಸು ಬರುವ ಪೈಪ್ ಇಲ್ಲ. ಸಿವಿಕ್‌ನಲ್ಲಿ ಅದು ಇದೆ. ಹಾಗಾಗಿ ಹೊರಗಿನಿಂದ ಒಂದು ರೆಗ್ಯುಲೇಟರ್ ಜೋಡಿಸಿ ಉಳಿದ ಪೆಟ್ರೋಲನ್ನು ಹಳೆಯ ವಾಪಸಾತಿ ಪೈಪಿನಲ್ಲೇ ಟ್ಯಾಂಕಿಗೆ ಕಳಿಸುತ್ತೇನೆ. ಹಳೆಯ ರಬ್ಬರ್ ಹೋಸ್ ಒಂದನ್ನೂ ಉಳಿಸುವುದಿಲ್ಲ. ವೈರಿಂಗ್ ಇನ್ನೊಂದು. ಆರ್‌ಎಸ್‌ಎಕ್ಸ್ ಕಂಪ್ಯೂಟರ್ ತನ್ನ ಬೀಗದ ಕೈಯ ಸಂಕೇತ ಸಿಗದೆ ಎಂಜಿನ್ ಶುರುವಾಗಲು ಬಿಡುವುದಿಲ್ಲ. ಹೊಂಡೇಟಾದವರ ಕೆ-ಪ್ರೊ ಎಂಬ ಬೋರ್ಡನ್ನು ಅದರೊಳಗೆ ಕೂರಿಸಿದರೆ ಆ ಕಾವಲನ್ನು ತೆಗೆಯಬಹುದು, ಪೆಟ್ರೋಲ್ ಮತ್ತು ಇಗ್ನಿಷನ್ನಿನ ಲೆಕ್ಕವನ್ನೂ ನಾವೇ ಹೊಂದಿಸಬಹುದು. ಲಾರಿಯ ಪಂಪ್ ಟೈಮಿಂಗನ್ನು ನೀವು ಕಿವಿಯಲ್ಲೇ ಹಿಡಿಯುತ್ತಿದ್ದಿರಿ. ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಹಿಡಿಯಬೇಕು. ನನಗೆ ಅದೂ ಅಷ್ಟೇ ಇಷ್ಟದ ಕೆಲಸ.

ಬ್ರೇಕ್ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ಎಂಜಿನ್ನಿಗೂ ಮೊದಲು ಅದೇ. ಈ ಕಾರಿನ ಹಿಂಬದಿಯಲ್ಲಿರುವುದು ಡ್ರಮ್. ಅದೇ ಕಾಲದ ಅಕ್ಯುರಾ ಇಂಟಿಗ್ರಾದ ಮುಂದಿನ 262 ಮಿ.ಮೀ. ಡಿಸ್ಕ್, ಹಿಂದಿನ ಡಿಸ್ಕ್, ಜೊತೆಗೆ ಅದರ ಮಾಸ್ಟರ್ ಸಿಲಿಂಡರ್ ಇದಕ್ಕೆ ಕೂರುತ್ತವೆ. ಹಳೆಯ ಎಂಜಿನ್ ಇರುವಾಗಲೇ ಅವನ್ನು ಹಾಕಿ ಓಡಿಸಿ ನೋಡುತ್ತೇನೆ. ಎರಡು ದೊಡ್ಡ ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರ ಸದ್ದು ಯಾವುದೆಂದು ತಿಳಿಯುವುದಿಲ್ಲ ಎಂದು ಹೇಳಿಕೊಟ್ಟವರು ನೀವೇ.

ಗ್ಯಾರೇಜ್ ಸಿದ್ಧವಾಗಿದೆ. ಎರಡು ಕಾರು ನಿಲ್ಲುವಷ್ಟು ಜಾಗ, ಕಾಂಕ್ರೀಟ್ ನೆಲ. ನಮ್ಮಲ್ಲಿಯ ಹಾಗೆ ತೊಲೆಗೆ ಚೈನ್ ಬ್ಲಾಕ್ ಕಟ್ಟುವಂತಿಲ್ಲ. ಇಲ್ಲಿನ ಮರದ ಚಾವಣಿ ಹಿಮದ ಭಾರಕ್ಕೆಂದು ಕಟ್ಟಿದ್ದು, ಒಂದೇ ಬಿಂದುವಿನಲ್ಲಿ ತೂಗುವ ಎಂಜಿನ್ನಿಗಲ್ಲ. ಎರಡು ಟನ್ನಿನ ಮಡಚುವ ಕ್ರೇನ್ ತಂದಿದ್ದೇನೆ. ಅದರ ತೋಳನ್ನು ಪೂರ್ತಿ ಚಾಚಿದರೆ ಅರ್ಧ ಟನ್ ಮಾತ್ರ ಎತ್ತುತ್ತದೆ. ಗೇರ್‌ಬಾಕ್ಸ್ ಸಮೇತ ಎಂಜಿನ್ ಸುಮಾರು 200 ಕಿಲೋ, ಹಾಗಾಗಿ ಭಯವಿಲ್ಲ. ಜ್ಯಾಕ್ ಮೇಲಿರುವ ಕಾರಿನ ಅಡಿಗೆ ನಾನು ಹೋಗುವುದಿಲ್ಲ, ಸ್ಟ್ಯಾಂಡ್ ಕೊಟ್ಟು ಅಲುಗಾಡಿಸಿ ನೋಡಿದ ಮೇಲೆಯೇ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ ಶುರುವಾದರೂ ಪೆಟ್ರೋಲ್ ಪೈಪ್ ಬಿಚ್ಚಿರುವಾಗ ಉರಿಯುವ ಹೀಟರ್ ಹಚ್ಚುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತದೆ. ಬಾಗಿಲು ಮುಚ್ಚಿ ಎಂಜಿನ್ ಶುರು ಮಾಡುವ ಮಾತಂತೂ ಇಲ್ಲ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಗೋಡೆಗೆ ಹಾಕಿದ್ದೇನೆ. ಇಷ್ಟನ್ನು ಅಮ್ಮನಿಗೆ ಓದಿ ಹೇಳಿ. ಹಳೆಯ ಕೂಲಂಟನ್ನು ಮುಚ್ಚಳವಿರುವ ಡಬ್ಬಿಗೇ ಹಿಡಿಯಬೇಕು, ಅದನ್ನು ನೆಕ್ಕಿದ ಬೆಕ್ಕು ನಾಯಿಗಳು ಸಾಯುತ್ತವೆ. ಪಕ್ಕದ ಮನೆಯ ಬೆಕ್ಕು ನಮ್ಮ ಗ್ಯಾರೇಜಿನಲ್ಲೇ ಮಲಗುತ್ತದೆ.

ಬಿಚ್ಚುವ ಕ್ರಮವನ್ನೂ ಬರೆದಿಟ್ಟಿದ್ದೇನೆ. ಪ್ರತಿ ಕನೆಕ್ಟರಿಗೆ ಚೀಟಿ, ಪ್ರತಿ ಜಾಗದ ಬೋಲ್ಟುಗಳಿಗೆ ಬೇರೆ ಬೇರೆ ಚೀಲ, ಬಿಚ್ಚುವ ಮೊದಲು ಫೋಟೋ. ಹೊಸ ಎಂಜಿನ್ನನ್ನು ಮೊದಲು ಬರಿದಾಗಿ ಒಮ್ಮೆ ಕೂರಿಸಿ, ಬಾನೆಟ್ ಮುಚ್ಚಿ, ಎಲ್ಲಿ ಏನು ತಾಗುತ್ತದೆ ಎಂದು ನೋಡಿ ಮತ್ತೆ ಹೊರತೆಗೆಯುತ್ತೇನೆ. ಅದು ಸ್ಟ್ಯಾಂಡಿನ ಮೇಲಿರುವಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್, ವಾಟರ್ ಪಂಪ್, ಟೈಮಿಂಗ್ ಚೈನಿನ ಟೆನ್ಷನರ್ ಬದಲಿಸುತ್ತೇನೆ. ಈ ಟೆನ್ಷನರ್ ಹಳತಾದಾಗ ಕೈಕೊಡುವುದು ಗೊತ್ತಿರುವ ಸಂಗತಿ. ಟ್ಯಾಪೆಟ್ ಸೆಟ್ಟಿಂಗಿಗೆ ನೀವು ಕೊಟ್ಟ ಫೀಲರ್ ಗೇಜನ್ನೇ ಬಳಸುತ್ತೇನೆ.

ಕಾನೂನಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಬಹಳ ಬಿಗಿ. ಹಾಕುವ ಎಂಜಿನ್ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನು ಒಂದೂ ಬಿಡದಂತೆ ಜೊತೆಗೆ ಬರಬೇಕು, ಆಮೇಲೆ ರೆಫರಿ ಎನ್ನುವ ಸರ್ಕಾರಿ ಪರೀಕ್ಷಕರು ನೋಡಿ ಚೀಟಿ ಅಂಟಿಸಬೇಕು. ಮಿಷಿಗನ್ನಿನಲ್ಲಿ ಹೊಗೆ ಪರೀಕ್ಷೆಯೇ ಇಲ್ಲ. ಆದರೂ ನಾನು ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚುವುದಿಲ್ಲ. ಕೇಳುವವರಿಲ್ಲ ಎಂದು ಅದನ್ನು ಕಿತ್ತೆಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಗಾಳಿಯನ್ನು ಉಸಿರಾಡುವುದು ಬೀದಿಯ ಮಕ್ಕಳು. ವಿಮಾ ಕಂಪನಿಗೂ ಮೊದಲೇ ತಿಳಿಸುತ್ತೇನೆ.

ತಮ್ಮ ತನ್ನ ಹಳೆಯ ಜೀಪಿಗೆ ಬೇರೆ ಎಂಜಿನ್ ಹಾಕುವ ಮಾತಾಡುತ್ತಿದ್ದಾನಲ್ಲ, ಅವನಿಗೆ ಒಂದು ಮಾತು ಹೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ. ಎಂಜಿನ್ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಲಿ. ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನ ಮೇಲೆ ಇನ್ನೊಂದು ನಂಬರ್ ಇದ್ದರೆ ಅಪಘಾತವಾದ ದಿನ ವಿಮೆಯವರು ಕೈ ಎತ್ತುತ್ತಾರೆ.

ಕೊನೆಗೆ ನಿಮ್ಮಿಂದ ಒಂದು ತೀರ್ಮಾನ ಬೇಕು. ಸಿಗುವ ಎಂಜಿನ್ ಒಂದೂವರೆ ಲಕ್ಷ ಮೈಲಿಯಾದರೂ ಓಡಿರುತ್ತದೆ. ಕಂಪ್ರೆಷನ್ ಸಮವಾಗಿದ್ದು ಲೀಕ್-ಡೌನ್ ಕೂಡ ಚೆನ್ನಾಗಿದ್ದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚದೆ ಹಾಗೆಯೇ ಕೂರಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿಯ ಗೆಳೆಯರು, ಹೇಗೂ ಹೊರಗಿದೆ, ಹೆಡ್ ಇಳಿಸಿ ವಾಲ್ವ್ ಸೀಲ್ ಬದಲಿಸಿ ಗ್ಯಾಸ್ಕೆಟ್ ಹೊಸದು ಹಾಕು ಎನ್ನುತ್ತಾರೆ. ಕಾರ್ಖಾನೆಯಲ್ಲಿ ಕೂರಿಸಿದ ಗ್ಯಾಸ್ಕೆಟ್ಟನ್ನು ಕಾರಣವಿಲ್ಲದೆ ಮುಟ್ಟಬಾರದು ಎಂದು ನೀವು ಟಾಟಾ 1210 ಲಾರಿಯ ಎಂಜಿನ್ನುಗಳ ಬಗ್ಗೆ ಹೇಳುತ್ತಿದ್ದಿರಿ. ಅಲ್ಯೂಮಿನಿಯಂ ಬ್ಲಾಕಿಗೂ ಅದೇ ಮಾತು ನಿಲ್ಲುತ್ತದೆಯೇ? ಯೋಚಿಸಿ ಭಾನುವಾರ ಫೋನ್ ಮಾಡಿ, ನಿಮ್ಮ ಸಂಜೆ ಏಳಕ್ಕೆ ಇಲ್ಲಿ ನಾನು ಎದ್ದಿರುತ್ತೇನೆ. ನಿಮ್ಮ ಮಾತು ಕೇಳದೆ ಹೆಡ್ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವುದಿಲ್ಲ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು,
ಸುಮಾ